ಕಟ್ಟೆಯ ಫೋಟೋಗೆ ಎಡೆ

ಪಿತೃಪಕ್ಷ ಬಂತೆಂದರೆ ಹೊಸೂರಿನ ಫೋಟೋ ಸ್ಟುಡಿಯೋಗಳಲ್ಲಿ ಸತ್ತವರದೇ ಸಂತೆ. ಸುತ್ತಲಿನ ಹಳ್ಳಿಗಳಿಂದ ಜನ ಚೀಲದಲ್ಲಿ, ಸೆರಗಿನಲ್ಲಿ, ಮೊಬೈಲಿನಲ್ಲಿ ತಮ್ಮ ತಮ್ಮ ಸತ್ತವರನ್ನು ತಂದು ಸಾಲಾಗಿ ನಿಂತಿರುತ್ತಾರೆ. ಮಹಾಲಯ ಅಮಾವಾಸ್ಯೆಯೊಳಗೆ ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ, ಗೋಡೆಗೆ ಒರಗಿಸಿ ಎಡೆ ಇಡಬೇಕಲ್ಲ. ನಾನು ಹೋದ ದಿನ ರಮೇಶನ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅವನು ಕಂಪ್ಯೂಟರ್ ಮುಂದೆ ಕೂತು ಯಾವುದೋ ಮದುವೆ ಫೋಟೋದಿಂದ ಒಬ್ಬ ಮುದುಕನನ್ನು ಬಿಡಿಸಿ ತೆಗೆಯುತ್ತಿದ್ದ. ಪಕ್ಕದ ಹೆಂಗಸಿನ ಭುಜ ಮುದುಕನಿಗೆ ಅಂಟಿಕೊಂಡು ಬರುತ್ತಿತ್ತು.

“ಈ ತಿಂಗ್ಳೆಲ್ಲ ಇದೇ ಕೆಲ್ಸ ಅಕ್ಕ, ಬದ್ಕಿರೋರ್ನ ಕತ್ರಿಸಿ ಬಿಸಾಕೋದು,” ಅಂದ ರಮೇಶ.

ಅವನು ಹೇಳಿದ್ದು ನಿಜವೇ. ಬದುಕಿರುವವರ ಮುಖ ಸತ್ತವರ ಸಾಲಿನಲ್ಲಿ ಕೂತರೆ ಬರುವ ವರ್ಷಕ್ಕೆ ಅವರೂ ಅಲ್ಲಿಗೇ ಸೇರುತ್ತಾರೆ ಎಂದು ನಮ್ಮ ಕಡೆ ನಂಬಿಕೆ. ನಂಬದವರೂ ಕತ್ತರಿಸಿಯೇ ಇಡುತ್ತಾರೆ. ಸುಮ್ಮನೆ ಯಾಕೆ ಬೇಕು ಉಸಾಬರಿ ಅಂತ.

ನನ್ನ ಸರದಿ ಬಂದಾಗ ಅವನು ಕೈ ಚಾಚಿದ. “ಪೋಟೋ ಕೊಡಿ ಅಕ್ಕ.”

“ತಂದಿಲ್ಲ. ನೀನೇ ಬಂದು ತೆಗೀಬೇಕು.”

“ಯಾರ್ದು?”

“ಹೊಳೆ ಕಟ್ಟೇದು. ಮಿಷನ್ನೂ ಬೀಳ್ಬೇಕು ಅದ್ರಲ್ಲಿ. ಎಡೆ ಇಕ್ಕಕ್ಕೆ.”

ಅವನು ಹಲ್ಲು ಕಿರಿದ. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ನಾನು ಯಾರು ಅಂತ ಆಗ ನೆನಪಾಯಿತೆಂದು ಕಾಣುತ್ತದೆ. ಹೋದ ವರ್ಷ ಪೇಪರಿನಲ್ಲಿ ಬಂದಿತ್ತಲ್ಲ, ಹೊಳೆಯಲ್ಲಿ ಹೋದವರ ಹೆಂಡತಿ.

ನಮ್ಮೂರು ಇರುವುದು ಸಾನಮಾವು ಕಾಡಿನ ಅಂಚಿಗೆ, ಪಿನಾಕಿನಿ ಹೊಳೆಯ ದಡದಲ್ಲಿ. ಹೊಳೆಗೆ ಅಡ್ಡಲಾಗಿ ಯಾವ ಕಾಲದ್ದೋ ಒಂದು ಕಲ್ಲುಕಟ್ಟೆ ಇದೆ. ಡ್ಯಾಮು ಅಂದರೆ ದೊಡ್ಡ ಮಾತಾಯಿತು. ಆಳಿಗಿಂತ ಒಂದಿಷ್ಟು ಎತ್ತರ, ಮೇಲೆ ಒಬ್ಬರು ನಡೆದು ಹೋಗುವಷ್ಟು ಅಗಲ, ಅಷ್ಟೇ. ಅದರ ಆ ತುದಿಗೆ ಹಳೆಯ ಗಿರಣಿ. ಮೊದಲು ಕಟ್ಟೆಯ ನೀರಿನಿಂದಲೇ ಬೀಸುವ ಕಲ್ಲು ತಿರುಗುತ್ತಿತ್ತಂತೆ. ನಮ್ಮ ಮಾವ ಮುತ್ತರಾಯಪ್ಪನವರ ಕಾಲಕ್ಕೆ ಕರೆಂಟು ಬಂತು, ಮೋಟಾರು ಬಂತು, ಊರವರ ಬಾಯಲ್ಲಿ ಅದು ಮಿಷನ್ನು ಆಯಿತು. ಮಾವ ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಹಿರೀಮಗ ಮುನೀಶ್, ನಮ್ಮನೆಯವರು.

ಹೋದ ಕಾರ್ತಿಕದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೊಳೆ ಕಟ್ಟೆಯ ಸಮಕ್ಕೆ ಬಂತು. ಮಿಷನ್ನಿನಲ್ಲಿ ಊರವರ ರಾಗಿ ಮೂಟೆಗಳಿದ್ದವು. ಅಟ್ಟಕ್ಕೆ ಏರಿಸಿಟ್ಟು ಬಂದುಬಿಡುತ್ತೇನೆ ಅಂತ ನಮ್ಮನೆಯವರು ಕಟ್ಟೆ ಮೇಲೆ ನಡೆದುಕೊಂಡು ಹೋದರು. ಈ ದಡದಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ನಂಜಪ್ಪ ನೋಡಿದ್ದೇ ಕೊನೆ. ಮಿಷನ್ ಬಾಗಿಲಲ್ಲಿ ನಿಂತು ನೀರು ನೋಡುತ್ತಿದ್ದರಂತೆ. ಆಮೇಲೆ ನೀರು ಏರಿತು. ಇಳಿದ ಮೇಲೆ ಹೋಗಿ ನೋಡಿದರೆ ಮೂಟೆಗಳೆಲ್ಲ ಅಟ್ಟದ ಮೇಲೆ ಒಣಗಿದ್ದ ಹಾಗೇ ಇದ್ದವು. ಅವರು ಇರಲಿಲ್ಲ. ಊರವರು ಬಂದು ತಂತಮ್ಮ ಮೂಟೆ ಗುರುತು ಹಿಡಿದು ಹೊತ್ತುಕೊಂಡು ಹೋದರು. ರಾಗಿಗೆ ಒಂದು ತೊಟ್ಟು ನೀರು ಸೋಕಿಲ್ಲ ಅಂತ ಒಬ್ಬಳು ಸಮಾಧಾನ ಬೇರೆ ಹೇಳಿದಳು. ಅವಳ ಬಾಯಿಗೆ ಮಣ್ಣು ಹಾಕ.

ಕೃಷ್ಣಗಿರಿ ಡ್ಯಾಮಿನವರೆಗೂ ಹುಡುಕಿದರು. ಹೆಣ ಸಿಗಲಿಲ್ಲ.

ಹೆಣ ನೋಡದೆ ಮಗ ಸತ್ತ ಅಂತ ಒಪ್ಪುವುದಿಲ್ಲ ಅಂದರು ನಮ್ಮತ್ತೆ ಬೈರಮ್ಮ. ಒಪ್ಪಲೂ ಇಲ್ಲ. ದಿನಾ ಮಗನ ತಟ್ಟೆಗೆ ಮುದ್ದೆ ಇಟ್ಟು ಮುಚ್ಚಿಡುತ್ತಾರೆ, ಬೆಳಗ್ಗೆ ಎದ್ದು ಅದನ್ನು ಹಸುವಿಗೆ ಹಾಕುತ್ತಾರೆ. ತಿಥಿ ಇಲ್ಲ, ಹಾಲುತುಪ್ಪ ಇಲ್ಲ. ನನ್ನ ಕೊರಳಲ್ಲಿ ತಾಳಿ ಇದೆ, ಕೈಯಲ್ಲಿ ಬಳೆ ಇವೆ, ಹಣೆಯಲ್ಲಿ ಕುಂಕುಮ ಇದೆ. ಗಂಡ ಇಲ್ಲ. ಅರಿಸಿನ ಕುಂಕುಮಕ್ಕೆ ಕರೆಯಲು ಬಂದವರು ನನ್ನನ್ನು ಕರೆಯಬೇಕೋ ಬಿಡಬೇಕೋ ಗೊತ್ತಾಗದೆ ಹೊಸ್ತಿಲಲ್ಲೇ ನಿಂತು ಮಳೆ ಬೆಳೆ ಮಾತಾಡಿ ಹೋಗುತ್ತಾರೆ. ಮಕ್ಕಳೂ ಆಗಿರಲಿಲ್ಲ ನಮಗೆ. ಮನೆಯಲ್ಲಿ ಅತ್ತೆ, ನಾನು. ಮೈದುನ ಶ್ರೀನಿವಾಸ್ ಫ್ಯಾಕ್ಟರಿ ಕೆಲಸಕ್ಕೆ ಹತ್ತಿರ ಆಗಲೆಂದು ಹೆಂಡತಿ ಶ್ಯಾಮಲಾ ಜೊತೆ ಅವಲಪಲ್ಲಿಯಲ್ಲಿ ಮನೆ ಮಾಡಿದ್ದಾನೆ.

“ಅತ್ಬುಡೇ ಮಂಗಳಾ, ಅತ್ರೆ ಹಗುರಾಯ್ತದೆ,” ಅಂತ ಊರಲ್ಲಿ ಎಷ್ಟು ಜನ ಹೇಳಿದರೋ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಅಳು ಬರಲಿಲ್ಲ, ನಾನೇನು ಮಾಡಲಿ? ಬರದ ಅಳುವನ್ನು ಈರುಳ್ಳಿ ಹೆಚ್ಚಿ ತರಿಸಿಕೊಳ್ಳಲಾ? ಕಾಲು ಜೋಮು ಹಿಡಿದಾಗ ಚಿವುಟಿದರೂ ಯಾರದೋ ಕಾಲು ಅನ್ನಿಸುತ್ತದಲ್ಲ, ನಾನು ಪೂರಾ ಹಾಗಿದ್ದೆ. ಕಳೆ ಕೀಳುತ್ತಿದ್ದೆ, ಹಾಲು ಕರೆಯುತ್ತಿದ್ದೆ, ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ಒಂದೇ ಒಂದು ಯೋಚನೆ ಮಾತ್ರ ಬಿಡುತ್ತಿರಲಿಲ್ಲ. ಅದು ಎಡೆಯದು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಲೆ ಹಾಕಿ, ಬಡಿಸಿ, ಮನೆಯಲ್ಲಿ ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆಯದಿದ್ದವರು ಒಳಗೆ ಬರಲಾರರು, ಬೀದಿಯಲ್ಲೇ ನಿಂತು ಉಪವಾಸ ಹೋಗುತ್ತಾರೆ ಅನ್ನುತ್ತಾರೆ. ಅದರಲ್ಲೂ ಸತ್ತವನಿಗೆ ತಾಯಿ ಇದ್ದರೆ ತಾಯಿಯೇ ಕರೆಯಬೇಕು. ಹೆಂಡತಿ ಕರೆದರೆ ಆಗದು, ತಮ್ಮ ಕರೆದರೆ ಆಗದು. ನಮ್ಮನೆಯವರು ಸತ್ತಿದ್ದಾರೆ ಅಂತ ನನಗೆ ಗೊತ್ತು. ಸತ್ತಿದ್ದರೆ ಹಸಿದಿದ್ದಾರೆ. ಈ ಅಮಾವಾಸ್ಯೆಗೆ ಅವರಿಗೆ ಎಡೆ ಬೀಳಬೇಕು, ಅವರ ತಾಯಿ ಬಾಯಿ ಬಿಟ್ಟು ಕರೆಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಇದನ್ನು ದುಃಖ ಅಂತ ಹೇಳಲಾರೆ. ಒಲೆ ಮೇಲೆ ಇಟ್ಟ ಪಾತ್ರೆ ನೆನಪಾದ ಹಾಗೆ ದಿನಾ ನೆನಪಾಗುತ್ತಿತ್ತು.

ಪಕ್ಷ ಶುರುವಾದ ದಿನ ಶ್ರೀನಿವಾಸನನ್ನೂ ದೊಡ್ಡಮಾವನನ್ನೂ ಕರೆಸಿದೆ. ದೊಡ್ಡಮಾವ ಅಂದರೆ ನಮ್ಮ ಮಾವನ ಅಣ್ಣ ವೆಂಕಟೇಶಪ್ಪ. ನಮ್ಮ ಕುಲದಲ್ಲಿ ಎಡೆ ಪೂಜೆ ಅವರೇ ಮಾಡುವುದು. ಅವರ ಮಾತು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಈ ಕಡೆಗೂ ಬೆಳಕು, ಆ ಕಡೆಗೂ ಬೆಳಕು.

“ಅಣ್ಣನ ಪೋಟೋನೂ ಇಕ್ಬಿಡಾನ ಈ ಸಲ,” ಅಂತ ಶ್ರೀನಿವಾಸ ಬಾಯಿ ತೆಗೆದನೋ ಇಲ್ಲವೋ, ಅತ್ತೆ ಒಳಗಿಂದ ಬಂದರು.

“ಯಾರ್ ಪೋಟೋ? ಬದ್ಕಿರೋ ಮಗನ್ದಾ? ಅವ್ನ ಹೆಸರ ಎತ್ತಿ ನೋಡ್ಲಾ ನೀನು, ಇಕ್ಕಿದ ಎಲೆ ತಗ್ದು ತಿಪ್ಪೆಗೆ ಎಸೀತೀನಿ!”

“ಅತ್ತೆ, ಅವ್ರು ಹಸ್ಕಂಡಿರ್ತಾರೆ,” ಅಂದೆ ನಾನು.

“ಹಸ್ಕಂಡ್ರೆ ಮನೇಗ್ ಬತ್ತಾನೆ. ತಟ್ಟೆ ಮುಚ್ಚಿಕ್ಕಿಲ್ವಾ ನಾನು?” ಅಂದರು.

ದೊಡ್ಡಮಾವ ಬೀಡಿ ಹಚ್ಚಿ, ಎಳೆದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂಥ ದಾರಿ ಹುಡುಕಿದರು. “ಮುನೀಶನ್ ಪೋಟೋ ಬ್ಯಾಡ ಕಣಮ್ಮ ಬೈರಮ್ಮ. ಹೊಳೆ ನಮ್ಮ ಮನೆಯೋನ್ನ ಮಡಿಕ್ಕಂಡೈತೆ. ಹೊಳೇಗೇ ಒಂದೆಡೆ ಇಕ್ಕಾನ. ಕಟ್ಟೆ, ಮಿಷನ್ನು ಎಲ್ಡೂ ಬರಂಗೆ ಒಂದು ಪೋಟೋ ತೆಗ್ಸಿ ಇಕ್ಬುಟ್ರೆ ಆಯ್ತಲ್ಲ.”

ಅತ್ತೆ ಸೆರಗು ಕೊಡವಿ ಎದ್ದರು. “ಕಟ್ಟೇಗೆ ಬೇಕಾದ್ರೆ ಇಕ್ಕಳಿ. ಹೆಸರು ಮಾತ್ರ ನಾನ್ ಕರೆಯಕ್ಕಿಲ್ಲ,” ಅಂದರು.

ಅರ್ಧ ಗೆದ್ದ ಹಾಗಾಯಿತು. ಹೆಸರು ಕರೆಯದ ಎಡೆ ಇದ್ದರೆಷ್ಟು, ಬಿಟ್ಟರೆಷ್ಟು ಅನ್ನುವುದು ನನಗೂ ಗೊತ್ತಿತ್ತು. ಆದರೂ ಎಲೆ ಅಂತ ಒಂದು ಬೀಳಲಿ, ಮುಂದಿನದು ಮುಂದೆ ಅಂತ ಹೊಸೂರಿಗೆ ಹೋದೆ.

ರಮೇಶ ಬಂದಿದ್ದು ಅಮಾವಾಸ್ಯೆಗೆ ಎರಡು ದಿನ ಇರುವಾಗ, ಬಿಸಿಲು ಇಳಿಯುವ ಹೊತ್ತಿಗೆ. ಬೆಳಗ್ಗೆಯೇ ಬರುತ್ತೇನೆ ಅಂದಿದ್ದ, ಮಹಾರಾಯ. ಕಾದು ಕಾದು ನಾನು ರಾಗಿ ಹೊಲಕ್ಕೆ ಕಳೆ ಕೀಳಲು ಇಳಿದಿದ್ದೆ. ಅವನ ಬೈಕು ಹಾರ್ನ್ ಮಾಡಿದಾಗ ಇದ್ದ ಹಾಗೇ ಎದ್ದು ಹೋದೆ. ಹೊಲದ ಕೆಲಸಕ್ಕೆ ಹೆಂಗಸರು ಸೀರೆ ಮೇಲೆ ಗಂಡಸರ ಅಂಗಿ ಹಾಕಿಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ಇಲ್ಲದಿದ್ದರೆ ರಾಗಿ ಗರಿ ಕೈಯೆಲ್ಲ ಗೀರುತ್ತದೆ. ನಾನು ಹಾಕಿಕೊಂಡಿದ್ದದ್ದು ನಮ್ಮನೆಯವರ ನೀಲಿ ಗೀರಿನ ಅಂಗಿ. ತಲೆಗೆ ಟವೆಲು ಸುತ್ತಿದ್ದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದೆ.

“ಬೆಳಗ್ಗೆ ಅಂದ್ರೆ ನಿಮ್ಮ ಸ್ಟುಡಿಯೋದಲ್ಲಿ ಇದಾ?” ಅಂದೆ.

“ಕೋಪ ಮಾಡ್ಕಬ್ಯಾಡಿ ಅಕ್ಕ. ಜನ ಬಿಡ್ಲಿಲ್ಲ. ಒಬ್ಬೊಬ್ರೂ ಮೂರ್ ಮೂರ್ ಜನ ಸತ್ತೋರ್ನ ತರ್ತಾವ್ರೆ.”

ಹೊಳೆದಂಡೆಗೆ ಹೋದೆವು. ಬದುವಿನ ಮೇಲೆ ಹುಚ್ಚೆಳ್ಳು ಹೂ ಬಿಟ್ಟಿತ್ತು. ಹೊಳೆಯಲ್ಲಿ ನೀರು ಕಮ್ಮಿ. ಕಟ್ಟೆಯ ತೂಬಿನಿಂದ ಬೀಳುವ ಕಡೆ ಮಾತ್ರ ಬಿಳೀ ನೊರೆ ಎದ್ದು, ಗಾಳಿಗೆ ಹಾರಿ, ದಡದ ಲಂಟಾನ ಪೊದೆಗೆ ಅಂಟಿಕೊಂಡಿತ್ತು. ಬೆಂಗಳೂರಿನ ಬಚ್ಚಲೆಲ್ಲ ಹರಿದು ಬರುವುದು ನಮ್ಮ ಹೊಳೆಗೇ. ಆ ದಡದಲ್ಲಿ ಮಿಷನ್ನು. ಕಲ್ಲಿನ ಗೋಡೆ, ಕಿತ್ತುಹೋದ ಹೆಂಚು, ಗೋಡೆಯ ಬಿರುಕಿನಿಂದ ಎದ್ದ ಅರಳಿ ಗಿಡ. ಬಾಗಿಲು ಮುಚ್ಚಿತ್ತು. ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು.

“ಆಹಾ! ಲೈಟು ಸೂಪರ್ ಅಕ್ಕ! ಪ್ರೀ ವೆಡ್ಡಿಂಗ್ ಶೂಟಿಗೆ ಇಂಥಾ ಲೊಕೇಶನ್ ಎಲ್ಲೂ...” ಅಂದವನು ನಾಲಿಗೆ ಕಚ್ಚಿಕೊಂಡ.

“ಎಡೆ ಇಕ್ಕೋ ಪೋಟೋ ಕಣಪ್ಪ. ಬೇಗ ತೆಗಿ,” ಅಂದೆ.

ಅವನು ಬೇಗ ತೆಗೆಯುವ ಜಾತಿಯಲ್ಲ. ಕೂತ, ನಿಂತ, ಕಲ್ಲಿನ ಮೇಲೆ ಹತ್ತಿದ, ಹೊಟ್ಟೆ ಮೇಲೆ ಮಲಗಿದ. ನಡುವೆ ನಾನು ಒಂದು ಮಾತು ಆಡಿದರೆ “ಕೊಂಜಂ ಇರುಂಗ ಅಕ್ಕ” ಅಂತ ತಮಿಳಿನಲ್ಲಿ ಸುಮ್ಮನಾಗಿಸುತ್ತಿದ್ದ. ಕ್ಯಾಮೆರಾ ಹಿಡಿದರೆ ಅವನಿಗೆ ಕನ್ನಡ ಮರೆತು ಹೋಗುತ್ತದೆ. ಕಟ್ಟೆ ಬಂದರೆ ಮಿಷನ್ನಿನ ಮೂಲೆ ತಪ್ಪುತ್ತಿತ್ತು, ಮಿಷನ್ನು ಬಂದರೆ ಕಟ್ಟೆಯ ತುದಿ. ಕಡೆಗೆ ಎರಡೂ ಸಿಕ್ಕುವ ಜಾಗ ಸಿಕ್ಕಿತು. ಕ್ಯಾಮೆರಾದ ಹಿಂದೆ ಇರುವ ಪುಟ್ಟ ಪರದೆಯಲ್ಲಿ ನನಗೂ ತೋರಿಸಿದ.

“ಬಾಗ್ಲು ಮುಚ್ಚೈತಲ್ಲ ಅಕ್ಕ, ಗೋಡೌನ್ ತರ ಕಾಣ್ತದೆ. ಹೋಗಿ ತೆಗೀತೀರಾ?”

ಆ ನೀರು ಇಳಿದ ಮೇಲೆ ನಾನು ಕಟ್ಟೆ ದಾಟಿರಲಿಲ್ಲ. ದಾಟಬಾರದು ಅಂತ ಏನಿಲ್ಲ, ಕೆಲಸ ಇರಲಿಲ್ಲ. ಈಗ ಚಪ್ಪಲಿ ಬಿಟ್ಟು ನಡೆದೆ. ಕಲ್ಲು ಬೆಚ್ಚಗಿದ್ದವು. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳಬಹುದು, ಕಾಲು ನಡುಗಬಹುದು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಸಂತೆಗೆ ಹೋದ ಹಾಗೆ ಹೋದೆ.

ಬಾಗಿಲು ತಳ್ಳಿದರೆ ಹಳೇ ರಾಗಿ ಹಿಟ್ಟಿನ ಮುಗ್ಗಲು ವಾಸನೆ. ಗೋಡೆಯಲ್ಲಿ ನನ್ನ ಎದೆಯ ಮಟ್ಟಕ್ಕೆ ಕೆಸರಿನ ಗೀಟು. ಅಲ್ಲಿಯವರೆಗೆ ನೀರು ನಿಂತಿತ್ತು. ಕಾಳು ಸುರಿಯುವ ಹಾಪರಿನಲ್ಲಿ ರಾಗಿ ಗಟ್ಟಿಯಾಗಿ ಕೂತಿತ್ತು. ಬೆಲ್ಟು ಹರಿದು ಜೋತಾಡುತ್ತಿತ್ತು. ಅಟ್ಟ ಖಾಲಿ. ಅಷ್ಟು ಮೂಟೆಗಳನ್ನು ಒಬ್ಬರೇ ಹೊತ್ತು ಏಣಿ ಹತ್ತಿದ್ದಾರೆ. ಒಂದನ್ನೂ ಬಿಟ್ಟಿಲ್ಲ. ಒಂದೆರಡು ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ನಿಮ್ಮದು ಅಂತ ಕೇಳಬೇಕು ಅನ್ನಿಸಿತು. ಕೇಳಿದೆ ಕೂಡ, ಜೋರಾಗಿಯೇ. ಗೋಡೆಗೆ ಹೇಳಿದ ಹಾಗಾಯಿತು.

ಬಾಗಿಲು ತೆರೆದರೆ ನಿಲ್ಲುತ್ತಿರಲಿಲ್ಲ. ಕೈ ಬಿಟ್ಟರೆ ತಾನೇ ಬಂದು ಮುಚ್ಚಿಕೊಳ್ಳುತ್ತಿತ್ತು. ಒರಗಿಸಲು ಒಂದು ಕಲ್ಲೂ ಸಿಗಲಿಲ್ಲ. ಹೊಸ್ತಿಲ ಮೇಲೆ ನಿಂತು ಬೆನ್ನಿನಿಂದ ಕದ ಒತ್ತಿ ಹಿಡಿದೆ.

“ಹಂಗೇ ಇರಿ ಅಕ್ಕ!” ಅಂತ ಆ ದಡದಿಂದ ಕೂಗಿದ ರಮೇಶ.

“ನಾನೂ ಬೀಳ್ತೀನಲ್ಲೋ ಪೋಟೋದಾಗೆ!”

“ಸಿಸ್ಟಮ್ನಲ್ಲಿ ಅಳಿಸ್ತೀನಿ! ನೀವ್ ಅಲ್ಲಾಡ್ಬ್ಯಾಡಿ!”

ಅಲ್ಲಾಡದೆ ನಿಂತೆ. ನಂಜಪ್ಪ ಹೇಳಿದ ಜಾಗ ಅದೇ. ಅಲ್ಲಿಂದ ನೋಡಿದರೆ ಕಟ್ಟೆ ಕಾಣುತ್ತದೆ, ಊರು ಕಾಣುತ್ತದೆ, ನಮ್ಮ ಮನೆಯ ಹಿಂದಿನ ಹುಣಸೆಮರವೂ ಕಾಣುತ್ತದೆ. ಅವರಿಗೂ ಕಂಡಿರಬೇಕು. ಇಲ್ಲಿ ನಿಂತರೆ ಏನಾದರೂ ಆಗುತ್ತದೆ ಅಂತ ನಾನು ಒಳಗೊಳಗೇ ನಂಬಿದ್ದೆ. ನೊರೆ ಹಾರುತ್ತಿತ್ತು, ಒಂದು ಬೆಳ್ಳಕ್ಕಿ ಕಟ್ಟೆ ಮೇಲೆ ನಡೆಯುತ್ತಿತ್ತು. ಕಣ್ಣು ಒಣಗಿದ್ದ ಹಾಗೇ ಇತ್ತು. ಥೂ, ಯಾವ ಜನ್ಮದ ಕಲ್ಲೋ ನಾನು ಅಂದುಕೊಂಡೆ.

ಅಮಾವಾಸ್ಯೆ ದಿನ ಶ್ರೀನಿವಾಸ ನೈಟ್ ಶಿಫ್ಟ್ ಮುಗಿಸಿ, ಸ್ಟುಡಿಯೋಗೆ ಹೋಗಿ ಫ್ರೇಮು ಇಸಕೊಂಡು, ಶ್ಯಾಮಲಾಳನ್ನು ಹಿಂದೆ ಕೂರಿಸಿಕೊಂಡು ಬಂದ. ಪೇಪರ್ ಸುತ್ತಿ ದಾರ ಕಟ್ಟಿದ್ದರು. ಯಾರೂ ಬಿಚ್ಚಿ ನೋಡಲಿಲ್ಲ. ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಶ್ಯಾಮಲಾ ಕಜ್ಜಾಯಕ್ಕೆ ಕೂತಳು, ನಾನು ಮಟನ್ ಸಾರಿಗೆ ಮಸಾಲೆ ರುಬ್ಬಿದೆ. ಅತ್ತೆ ಮಾತ್ರ ಬೆಳಗಿನಿಂದ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದವರು ಏಳಲಿಲ್ಲ. ಕಟ್ಟೆಯ ಎಡೆಗೆ ಏನು ಬಡಿಸಬೇಕು ಅಂತ ಕೇಳಿದೆ. ಮುಖ ಆಚೆ ತಿರುಗಿಸಿದರು.

ಮಧ್ಯಾಹ್ನ ದೊಡ್ಡಮಾವ ಬಂದು ಗೋಡೆಯುದ್ದಕ್ಕೂ ಫೋಟೋಗಳನ್ನು ಒರಗಿಸಿದರು. ನಮ್ಮ ಮಾವ, ಅವರ ಅಪ್ಪ ಅಮ್ಮ, ಚಿಕ್ಕವಯಸ್ಸಿಗೇ ಹೋದ ಅವರ ತಂಗಿ. ಎಲ್ಲರ ಮುಂದೆ ಎಲೆ, ಎಲೆಯ ಮೇಲೆ ಮುದ್ದೆ, ಸಾರು, ವಡೆ, ಕಜ್ಜಾಯ. ಮಾವನ ಎಲೆಗೆ ಒಂದು ಕಟ್ಟು ಬೀಡಿ ಜಾಸ್ತಿ. ಕೊನೆಯ ಎಲೆಯ ಹಿಂದೆ ಜಾಗ ಖಾಲಿ ಬಿಟ್ಟಿದ್ದರು. ಶ್ರೀನಿವಾಸ ದಾರ ಬಿಚ್ಚಿ, ಪೇಪರ್ ತೆಗೆದು, ಕಟ್ಟೆಯ ಫೋಟೋವನ್ನು ಅಲ್ಲಿಟ್ಟ. ಚೆನ್ನಾಗಿ ಬಂದಿತ್ತು. ಹೊಳೆಗೆ ನೊರೆಯೂ ಒಂದು ಚೆಂದವೇ ಆಗಿ ಕಾಣುತ್ತಿತ್ತು.

ಹೂ ಮುಡಿಸಲು ಬಗ್ಗಿದ ಶ್ಯಾಮಲಾ ಹಾಗೇ ನಿಂತಳು. “ಅಯ್ಯಯ್ಯೋ! ಬಾಗ್ಲಲ್ಲಿ ಯಾರೋ ಅವ್ರೆ! ಅಕ್ಕಾ, ಇದು ನೀನಲ್ವಾ?”

ಎಲ್ಲರೂ ಬಗ್ಗಿದರು. ಮಿಷನ್ನಿನ ಬಾಗಿಲಲ್ಲಿ, ಕಿರುಬೆರಳ ಗೆಣ್ಣಿನಷ್ಟು ಎತ್ತರಕ್ಕೆ, ನೀಲಿ ಅಂಗಿ ಹಾಕಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ನಾನು ನಿಂತಿದ್ದೆ. ಊರಿನ ಬದುಕಿರುವವರನ್ನೆಲ್ಲ ಕತ್ತರಿಸಿ ಬಿಸಾಕಿದ ರಮೇಶ ನನ್ನೊಬ್ಬಳನ್ನು ಮರೆತಿದ್ದ.

ದೊಡ್ಡಮಾವ ಎರಡು ಹೆಜ್ಜೆ ಹಿಂದೆ ಸರಿದರು. “ತೆಗೀರಿ ಅದ್ನ! ಬದ್ಕಿರೋ ಹೆಣ್ಮಗಳ್ನ ತಂದು ಸತ್ತೋರ್ ಸಾಲಾಗೆ ಇಕ್ತಾರೇನ್ರಲಾ? ಮೊದ್ಲು ತೆಗೀರಿ!”

“ಆ ರಮೇಶನ್ ಕೈಗೆ ಹಾವ್ ಕಡಿಯ,” ಅಂದ ಶ್ರೀನಿವಾಸ.

“ಇರ್ಲಿ ಬಿಡಿ ಮಾವ,” ಅಂದೆ ನಾನು. “ನಂಗೇನಾಯ್ತದೆ? ಸಾರು ಬಡ್ಸಿ ಆಗೈತೆ, ಇಕ್ಬುಡಿ.”

“ನಿಂಗೇನು ಬುದ್ಧಿಗಿದ್ಧಿ ಐತೇನಮ್ಮ? ಒಬ್ಬ ಹೋಗಿರೋದು ಸಾಲ್ದಾ ಈ ಮನೇಗೆ?” ಅಂದರು ದೊಡ್ಡಮಾವ. “ಈ ವರ್ಸಕ್ಕೆ ಈ ಎಡೆ ಬ್ಯಾಡ. ಎಲೆ ತೆಗ್ದು ನಾಯಿಗಾಕಿ. ಬರೋ ವರ್ಸ ನೋಡಾನ.”

ಬರೋ ವರ್ಷ! ಬರೋ ವರ್ಷ ಇನ್ನೇನೋ ಅಡ್ಡ ಬರುತ್ತದೆ, ಅದರ ಆಚೆ ವರ್ಷ ಮತ್ತೊಂದು. ಕೋಪಕ್ಕೆ ಕಿವಿ ಬಿಸಿಯಾಯಿತು. ಶ್ರೀನಿವಾಸ ಫೋಟೋ ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಇಡಲು ಹೋದ.

“ತತ್ತಾ ಇಲ್ಲಿ,” ಅಂದರು ಅತ್ತೆ, ಕಂಬದ ಹತ್ತಿರದಿಂದ.

ಅವನು ಕೊಟ್ಟ. ಅತ್ತೆಗೆ ಒಂದು ಕಣ್ಣಲ್ಲಿ ಪೊರೆ. ಇನ್ನೊಂದು ಕಣ್ಣಿನ ಹತ್ತಿರ ಫೋಟೋ ಹಿಡಿದು, ಕಟ್ಟೆಯ ಮೇಲೆ ಬೆರಳಿಟ್ಟು, ನಾನು ನಡೆದ ಹಾಗೇ ಮೆಲ್ಲಗೆ ಬೆರಳು ನಡೆಸಿಕೊಂಡು ಆ ತುದಿಗೆ ಹೋದರು. ಬೆರಳು ಬಾಗಿಲಲ್ಲಿ ನಿಂತಿತು.

“ಮುನೀಶ ಅಲ್ವಾ ಇವ್ನು?” ಅಂದರು.

ಫೋಟೋವನ್ನು ನಮ್ಮ ಕಡೆ ತಿರುಗಿಸಿ ಹಿಡಿದರು.

“ಅಂಗಿ ಗೊತ್ತಾಗಲ್ವಾ ನಂಗೆ? ಡೆಂಕಣಿಕೋಟೆ ಸಂತೇಲಿ ನಾನೇ ತಂದ್ಕೊಟ್ಟಿದ್ದು. ಬಾಗ್ಲಲ್ಲೇ ನಿಂತವ್ನೆ ನೋಡು. ನಂಜಪ್ಪ ಅಂದಿದ್ದು ದಿಟ.”

ಶ್ಯಾಮಲಾ ಬಾಯಿ ತೆರೆದಳು. ಶ್ರೀನಿವಾಸ ಅವಳ ಕೈ ಹಿಡಿದು ಎಳೆದ. ದೊಡ್ಡಮಾವ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆಯೇ ನೋಡಿದರು. ಅದು ನಾನು ಅತ್ತೆ ಅಂತ ಒಂದು ಮಾತು ಅಂದರೆ ಮುಗಿಯಿತು. ಫೋಟೋ ಗೋಡೆಗೆ ಮುಖ ಮಾಡುತ್ತಿತ್ತು, ಎಲೆ ನಾಯಿಗೆ ಹೋಗುತ್ತಿತ್ತು, ಅವರು ಬೀದಿಯಲ್ಲೇ ಉಳಿಯುತ್ತಿದ್ದರು. ಅನ್ನದಿದ್ದರೆ ಅವರ ಜಾಗದಲ್ಲಿ, ಸತ್ತವರ ಸಾಲಿನಲ್ಲಿ, ನಾನು ನಿಲ್ಲಬೇಕು. ಹತ್ತು ತಿಂಗಳಿಂದ ನಾನು ನಿಂತಿರುವುದು ಇನ್ನೆಲ್ಲಿ ಅನ್ನಿಸಿತು.

“ಹೂಂ ಅತ್ತೆ,” ಅಂದೆ. “ಅವ್ರೇ.”

ಅತ್ತೆ ಕೈ ಊರಿ ಎದ್ದರು. ಫೋಟೋವನ್ನು ತಾವೇ ತಂದು ಕೊನೆಯ ಎಲೆಯ ಹಿಂದೆ ಇಟ್ಟರು. ಗಂಧ ತೇದು ಇಟ್ಟಿದ್ದ ಬಟ್ಟಲಿಗೆ ಬೆರಳದ್ದಿ, ಬಾಗಿಲಲ್ಲಿ ನಿಂತವರ ಮೇಲೆ ಒಂದು ಚುಕ್ಕಿ ಇಟ್ಟರು. ಕಿರುಬೆರಳ ಗೆಣ್ಣಿನಷ್ಟು ಇದ್ದ ನಾನು ಗಂಧದ ಕೆಳಗೆ ಪೂರಾ ಮುಚ್ಚಿಹೋದೆ. ಆಮೇಲೆ ಎಲೆಯ ಮುಂದೆ ಕೂತು ಬಾಯಿ ತೆರೆದರು.

“ಮುನೀಶಾ... ಬಾರೋ ನನ್ನಪ್ಪ. ಎಲೆ ಹಾಕಿವ್ನಿ. ಒಳೀಕ್ ಬಾ, ಕೂತ್ಕಂಡ್ ಉಣ್ಣು ಬಾ.”

ದೊಡ್ಡಮಾವ ಕರ್ಪೂರ ಹಚ್ಚಿದರು. ಎರಡು ಕಡ್ಡಿ ಆರಿಹೋದವು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಬದುಕಿರುವವರು ನೋಡುತ್ತಿದ್ದರೆ ಹಿರಿಯರು ಸಂಕೋಚ ಪಡುತ್ತಾರೆ. ಒಂದಿಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಆಮೇಲೆ ತೆಗೆಯುವುದು. ದೊಡ್ಡಮಾವ ಚಿಲಕ ಹಾಕಿ ಬಾಗಿಲ ಬಳಿ ಕೂತು ಬೀಡಿ ತೆಗೆದರು. ಶ್ರೀನಿವಾಸ, ಶ್ಯಾಮಲಾ ಹುಣಸೆಮರದ ಕಡೆ ಹೋದರು. ಅತ್ತೆ ಜಗಲಿಯ ಆ ಮೂಲೆಗೆ ಹೋಗಿ ಕೂತರು. ನಾನು ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತು ಕಳೆದು ಅತ್ತೆ ನನ್ನ ಕಡೆ ತಿರುಗದೆಯೇ ಮಾತಾಡಿದರು. “ಕಣ್ಣು ಮಂಜಾಗೈತೆ ಕಣೆ ಮಂಗಳಾ. ಕುರುಡಾಗಿಲ್ಲ.”

ನಾನು ಅವರ ಕಡೆ ತಿರುಗಿದೆ.

“ಸೀರೆ ಎತ್ತಿ ಸಿಗಸ್ಕಂಡು ನಿಂತಿರೋಳು ನನ್ ಸೊಸೆ ಅಂತ ತಿಳಿಯಕ್ಕಿಲ್ವಾ ನಂಗೆ?”

“ಮತ್ತೆ ಯಾಕತ್ತೆ ಹಂಗಂದ್ರಿ?”

“ಬರೀ ಕಟ್ಟೆ ನೋಡ್ಕಂಡು ಮಗನ್ನ ಹೆಂಗೆ ಕರೀಲೆ? ನಾನೂ ಅಂದ್ಕಂಡಿದ್ದೆ, ಕರೆದ್ಬುಡಾನ, ಎಷ್ಟ್ ದಿನ ಅಂತ ಹಸ್ಕಂಡಿರ್ತಾನೆ ಅಂತ. ಬಾಯೇ ಬರ್ಲಿಲ್ಲ. ಅಲ್ಲಿ ಯಾರಾನ ಒಬ್ರು ನಿಂತಿರ್ಬೇಕಾಗಿತ್ತು.” ಸೆರಗಿನಿಂದ ಮೂಗು ಒರೆಸಿಕೊಂಡರು. “ನಿಂಗೇನೂ ಆಗಲ್ಲ, ಹೆದರ್ಕಬ್ಯಾಡ. ಬರೋ ಅಮಾಸೆಗೆ ಆ ಸಾಲಾಗೆ ಹೋಗಿ ಕೂತ್ಕಳಾಕೆ ನಾನಿವ್ನಿ. ನಾಳೆ ಹೋಗಿ ಆ ಪೋಟೋದೋನ್ತಾವ ನಿನ್ನ ಅಳಿಸ್ಕಂಡ್ ಬಾ. ನೀನು ಅಲ್ಲಿಂದ ಈಚೀಕ್ ಬಂದ್ಬುಡು.”

ಅಷ್ಟು ಹೇಳಿ ಮೊಣಕಾಲಿನ ಮೇಲೆ ತಲೆ ಇಟ್ಟು ಅಳಲು ಶುರು ಮಾಡಿದರು. ಹತ್ತು ತಿಂಗಳಲ್ಲಿ ಅವರು ಅತ್ತದ್ದನ್ನೂ ನಾನು ನೋಡಿರಲಿಲ್ಲ. ಸದ್ದೇ ಇಲ್ಲ, ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ನಾನು ಆ ಬೆನ್ನಿನ ಮೇಲೆ ಕೈ ಇಟ್ಟೆ. ನನಗೆ ಆಗಲೂ ಕಣ್ಣೀರು ಬರಲಿಲ್ಲ. ಆದರೆ ನಮ್ಮನೆಯವರು ಇನ್ನು ಬರುವುದಿಲ್ಲ ಅಂತ ಅವತ್ತು ಅರ್ಥವಾಯಿತು; ಗೊತ್ತಿದ್ದದ್ದು ಬೇರೆ, ಅರ್ಥವಾದದ್ದು ಬೇರೆ.

ಒಳಗೆ ಸದ್ದಿರಲಿಲ್ಲ. ಊರಿನ ಬೇರೆ ಮನೆಗಳಲ್ಲಿ ಆಗಲೇ ಬಾಗಿಲು ತೆಗೆದು ಊಟಕ್ಕೆ ಕೂತಿದ್ದರು, ಬೀದಿಯಲ್ಲೆಲ್ಲ ಸಾರಿನ ಘಮಲು. ದೊಡ್ಡಮಾವ ಬೀಡಿ ಹೊಸಕಿ, ಪಂಚೆ ಕೊಡವಿ ಎದ್ದರು. ಗಟ್ಟಿಯಾಗಿ ಎರಡು ಸಲ ಕೆಮ್ಮಿದರು. ಚಿಲಕಕ್ಕೆ ಕೈ ಹಾಕಿದರು.

“ಇರಿ ಮಾವ,” ಅಂದೆ ನಾನು. “ಇನ್ನೊಂಚೂರು ಹೊತ್ತು ತೆಗೀಬ್ಯಾಡಿ. ಅವ್ರು ಉಣ್ಣೋದು ನಿಧಾನ.”

ದೊಡ್ಡಮಾವ ಚಿಲಕದಿಂದ ಕೈ ತೆಗೆದು ಮತ್ತೆ ಕೂತರು.